ಗೋಡಿ ಒಂದು, ಮನಿ ಇನ್ನೊಂದು

ನಮ್ಮ ಮನಿ ವಾಟ್ಸಾಪ್ ಗುಂಪಿನ್ಯಾಗ ಜಗಳ ಹತ್ತೂದು ಎರಡಕ್ಕ: ಊರಿನ ಹೊಲದ ಲಾವಣಿ, ಇಲ್ಲಾ ಯಾರ ಲಗ್ನಕ್ಕ ಯಾರು ಬರಲಿಲ್ಲ ಅನ್ನೂದು. ಡಿಸೆಂಬರ್ ಮೊದಲನೇ ವಾರ, ರವಿವಾರ ಸಂಜಿಕೆ, ಮೂರನೇದೊಂದು ಹುಟ್ಟಿತು. ಹುಟ್ಟಿಸಿದಾಂವ ಅಕ್ಕನ ಮಗ ಪುಟ್ಟ, ಅಮೇರಿಕಾದ ಕಾರ್ನೆಲ್ ವಿಶ್ವವಿದ್ಯಾಲಯದಾಗ ಮೊದಲನೇ ವರ್ಷ. ಅಂವ ಇಂಗ್ಲಿಷ್ ಅಕ್ಷರದಾಗ ಕನ್ನಡ ಬರೀತಾನ. ಇಲ್ಲಿ ನಾನ ಕನ್ನಡಕ್ಕ ಇಳಿಸೀನಿ. ಉಳಿದವರ ಹೆಸರು ನನ್ನ ಫೋನಿನ್ಯಾಗ ಹೆಂಗ ಅದಾವ ಹಂಗ.

ಪುಟ್ಟ, 7:12: (ಫೋಟೋ) ಇದು ನಮ್ಮ ಕ್ಯಾಂಪಸ್ಸಿನ ಬಾರ್ನ್ಸ್ ಹಾಲ್ ಮುಂದಿನ ಗೋಡಿ. ಹಿಮ ಒರಸಿ ತಗದೀನಿ. ಇಂಗ್ಲಿಷ್ ಜೆ ಅಕ್ಷರದಂಗ ಬಾಗೈತಿ ನೋಡ್ರಿ. ಆಲ್ಫಾ ಫೈ ಆಲ್ಫಾ ಅನ್ನೋ ಫ್ರೆಟರ್ನಿಟಿ, ಅಂದ್ರ ಹುಡುಗೂರ ವಿದ್ಯಾರ್ಥಿ ಸಂಘ, 1906ರ ಡಿಸೆಂಬರ್ 4ಕ್ಕ ಇಲ್ಲೇ ಹುಟ್ಟಿದ್ದು. ಕಟ್ಟಿದ ಏಳು ಮಂದಿಗೆ ಏಳು ಜುವೆಲ್ಸ್, ಅಂದ್ರ ರತ್ನ, ಅಂತಾರ, ಅದಕ್ಕ ಜೆ. ಏಳೂ ಮಂದಿ ಕಪ್ಪು ವಿದ್ಯಾರ್ಥಿಗಳು.

ಭಾವ, 7:14: ಅಲ್ಲಿ ರವಿವಾರ ಮುಂಜಾನೆ ಒಂಬತ್ತರೊಳಗ ಎದ್ದು ಇತಿಹಾಸ ಹೇಳಾಕತ್ತಾನ ಅಂದ್ರ ಇವಗ ಏನೋ ಬೇಕಾಗೈತಿ.

ಕಾಕಾ ಧಾರವಾಡ, 7:15: ಫ್ರೆಟರ್ನಿಟಿ ಅಂದ್ರ ನಾ ತಿಳಿದ ಮಟ್ಟಿಗೆ ಕಾಲೇಜು ಹುಡುಗೂರು ಕುಡ್ಯಾಕ ಮಾಡಿಕೊಂಡ ಮನಿ. ಅದಕ್ಕ ಗೋಡಿ ಬ್ಯಾರೆ ಕಟ್ಟ್ಯಾರೇನು?

ಪುಟ್ಟ, 7:19: ಅಲ್ಲ ಅಜ್ಜ, ಇವರು ಕೂಡಿದ್ದು ಓದಾಕ. ಅದಕ್ಕೂ ಮೊದಲ ಕಾರ್ನೆಲ್‌ನಾಗ ಆರು ಮಂದಿ ಕಪ್ಪು ವಿದ್ಯಾರ್ಥಿಗಳಿದ್ರು. ಮುಂದಿನ ವರ್ಷ ಆರಕ್ಕ ಆರೂ ತಿರುಗಿ ಬರಲಿಲ್ಲ. ಹೊಸದಾಗಿ ಬಂದವರಿಗೆ ಅಂಜಿಕಿ ಹತ್ತಿತು. 1905-06ರಾಗ ಊರೊಳಗ, ನಾರ್ತ್ ಆಲ್ಬನಿ ಸ್ಟ್ರೀಟಿನ ಒಂದ ಮನ್ಯಾಗ ಕೂಡಾಕ ಶುರು ಮಾಡಿದ್ರು. ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳೂದು, ಒಬ್ಬಾಂವ ಹಿಂದ ಬಿದ್ರ ಉಳಿದವರು ಎತ್ತೂದು.

ಅತ್ತಿ ಹುಬ್ಬಳ್ಳಿ, 7:21: ಆರಕ್ಕ ಆರೂ ಬಿಟ್ರ? ಹಾಸ್ಟೆಲ್ ಇರಲಿಲ್ಲೇನು?

ಪುಟ್ಟ, 7:23: ಊರಾಗ ಕಪ್ಪು ಮಂದಿಯ ಮನಿಗಳೊಳಗ ಬಾಡಿಗಿ ಇರತಿದ್ರು ಆಯಿ. ಬಿಳಿ ಹುಡುಗೂರ ಫ್ರೆಟರ್ನಿಟಿ ಮನಿಗೆ ಇವರೊಳಗ ಕೆಲವರು ಹೋಗತಿದ್ದದ್ದು ಊಟ ಬಡಸಾಕ. ಬಡಸತ ಬಡಸತ ನೋಡಿದ್ರು, ಸಂಘ ಅಂದ್ರ ಏನು, ಒಳಗಿದ್ದವಗ ಅದು ಏನು ಕೊಡತೈತಿ ಅಂತ.

ಅತ್ತಿ ಹುಬ್ಬಳ್ಳಿ, 7:24: ಅಣ್ಣಾ, ನಿನ್ನ ಮುರುಘಾಮಠದ ಪ್ರಸಾದ ನಿಲಯ ನೆನಪಾತು ನೋಡು. ಅಲ್ಲಿ ಎರಡು ಹೊತ್ತು ಊಟ ಸಿಗಲಿಲ್ಲ ಅಂದಿದ್ರ ನೀನೂ ಹೊಲಕ್ಕ ವಾಪಸ್ ಬರತಿದ್ದಿ.

ಕಾಕಾ ಧಾರವಾಡ, 7:26: ಅದಕ್ಕೂ ಇದಕ್ಕೂ ಹೋಲಸಬ್ಯಾಡ. ಅಲ್ಲಿ ನಾವು ನಸುಕಿನ್ಯಾಗ ಎದ್ದು ಓದತಿದ್ವಿ.

ಅತ್ತಿ ಹುಬ್ಬಳ್ಳಿ, 7:26: ನೀ ಏಳತಿದ್ದಿ?

ಇದಕ್ಕ ಕಾಕಾ ಉತ್ತರ ಕೊಡಲಿಲ್ಲ. ಅಷ್ಟರಾಗ ಭಾವ ಎಲ್ಲಿಂದಲೋ ಒಂದು ಫಾರ್ವರ್ಡ್ ತಂದು ಒಗದ: "ಮಾರ್ಟಿನ್ ಲೂಥರ್ ಕಿಂಗ್ ಕಾರ್ನೆಲ್‌ನಲ್ಲಿ ಓದುವಾಗ ಸ್ಥಾಪಿಸಿದ ಸಂಘ, ಎಲ್ಲರಿಗೂ ಹಂಚಿ."

ನಾನು, 7:31: ಭಾವ, ಕಿಂಗ್ ಹುಟ್ಟಿದ್ದ 1929ರಾಗ. 1906ಕ್ಕ ಹೆಂಗ ಸ್ಥಾಪನಾ ಮಾಡತಾರ? ಅವರು ಸದಸ್ಯರಾಗಿದ್ದು ಖರೆ, ಆದ್ರ 1952ರಾಗ, ಬಾಸ್ಟನ್‌ನಾಗ ಡಾಕ್ಟರೇಟಿಗೆ ಓದುವಾಗ. ಅಲ್ಲಿದ್ದದ್ದು ಸಿಗ್ಮಾ ಚಾಪ್ಟರ್.

ಅಕ್ಕ, 7:32: ಚಾಪ್ಟರ್ ಅಂದ್ರ?

ನಾನು, 7:33: ಶಾಖೆ. ಹುಟ್ಟಿದ ಕ್ರಮಕ್ಕ ಗ್ರೀಕ್ ಅಕ್ಷರ ಇಡತಾರ. ಕಾರ್ನೆಲ್ದು ಆಲ್ಫಾ, 1907ರಾಗ ಹೊವಾರ್ಡ್ ವಿಶ್ವವಿದ್ಯಾಲಯದಾಗ ಆದದ್ದು ಬೀಟಾ.

ಭಾವ, 7:33: ನನಗ ಬಂದದ್ದು ನಾ ಕಳಿಸೀನಿ.

ಕಾಕಾ ಧಾರವಾಡ, 7:37: ಗ್ರೀಕ್ ಅಕ್ಷರದ ಸಂಘದೊಳಗ ಮೊದಲನೇದು ಫೈ ಬೀಟಾ ಕಪ್ಪಾ. 1776 ಡಿಸೆಂಬರ್ 5, ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜು. ಈಗ ಅದು ಬರೇ ಶಾಣ್ಯಾರನ್ನ ಆರಿಸಿ ಗೌರವ ಕೊಡೋ ಸಂಘ. ಮನಿ ಇಲ್ಲ, ಪಾರ್ಟಿ ಇಲ್ಲ. ಪುಟ್ಟ ಸೇರೂದಾದ್ರ ಅದಕ್ಕ ಸೇರಲಿ.

ಪುಟ್ಟ, 7:38: ಅಜ್ಜ, ಅದಕ್ಕ ನಾವು ಸೇರಾಕ ಬರೂದಿಲ್ಲ, ಅವರ ಕರೀಬೇಕು.

ಕಾಕಾ ಧಾರವಾಡ, 7:38: ಕರಿಯೂ ಹಂಗ ಓದು.

ಅತ್ತಿ ಹುಬ್ಬಳ್ಳಿ, 7:40: ಆ ಏಳು ಹುಡುಗೂರು ಮುಂದ ಏನಾದ್ರು ಅದನ್ನ ಹೇಳು. ಸಂಘ ಕಟ್ಟಿಕೋತ ಪರೀಕ್ಷಾ ಬಿಟ್ಟರೋ ಹೆಂಗ?

ಪುಟ್ಟ, 7:46: ವರ್ಟ್ನರ್ ಟ್ಯಾಂಡಿ ಆರ್ಕಿಟೆಕ್ಟ್ ಆದ್ರು. ನ್ಯೂಯಾರ್ಕ್ ರಾಜ್ಯದಾಗ ನೋಂದಣಿ ಆದ ಮೊದಲ ಕಪ್ಪು ಆರ್ಕಿಟೆಕ್ಟ್. ಕೂದಲದ ಎಣ್ಣಿ-ಮುಲಾಮು ಮಾರಿ ಸಿರಿವಂತಳಾದ ಮೇಡಂ ಸಿ. ಜೆ. ವಾಕರ್ ಅವರ ಬಂಗಲೆ, ವಿಲ್ಲಾ ಲೆವಾರೋ, ಇವರದ ನಕ್ಷೆ. ಜಾರ್ಜ್ ಕೆಲ್ಲಿ ಸಿವಿಲ್ ಇಂಜಿನಿಯರ್. ಹೆನ್ರಿ ಕ್ಯಾಲಿಸ್ ಡಾಕ್ಟರ್. ಯೂಜೀನ್ ಕಿಂಕಲ್ ಜೋನ್ಸ್ ನ್ಯಾಷನಲ್ ಅರ್ಬನ್ ಲೀಗ್ ಬೆಳಸಿದ್ರು, ಹಳ್ಳಿ ಬಿಟ್ಟು ಪಟ್ಟಣಕ್ಕ ಬಂದ ಕಪ್ಪು ಮಂದಿಗೆ ಕೆಲಸ, ಮನಿ ಸಿಗೂ ಹಂಗ ಮಾಡಾಕ. ಈ ಸಂಘದವರು 1922ರಿಂದ "ಹೈಸ್ಕೂಲಿಗೆ ಹೋಗು, ಕಾಲೇಜಿಗೆ ಹೋಗು" ಅಂತ ಊರೂರಾಗ ಹೇಳಿಕೋತ ತಿರಗ್ಯಾರ.

ಅತ್ತಿ ಹುಬ್ಬಳ್ಳಿ, 7:47: ಇದು ಮಾತು. ಸಾಲಿಗೆ ಮಕ್ಕಳನ್ನ ಕರಕೊಂಡು ಬರಾಕ ನಾನೂ ಓಣಿ ಓಣಿ ತಿರಗೀನಿ.

ಕಾಕಾ ಧಾರವಾಡ, 7:52: ಎಲ್ಲಾ ಚೊಲೊ. ಈಗ ನಾ ಹೇಳೂದು ಕೇಳ್ರಿ. ಇದೇ ಕಾರ್ನೆಲ್‌ನಾಗ, 1873ರಾಗ, ಬ್ಯಾರೆ ಫ್ರೆಟರ್ನಿಟಿಗೆ ಸೇರಾಕ ಬಂದ ಹುಡುಗನ್ನ ರಾತ್ರಿ ಊರ ಹೊರಗ ಕರಕೊಂಡು ಹೋಗ್ಯಾರ. ಕಣಿವ್ಯಾಗ ಬಿದ್ದು ಸತ್ತಾನ. ಜನರಲ್ ಒಬ್ಬಾತನ ಮಗ. 2019ರಾಗ ಮತ್ತೊಬ್ಬ ಮೊದಲನೇ ವರ್ಷದ ಹುಡುಗ, ಫ್ರೆಟರ್ನಿಟಿ ಪಾರ್ಟಿಗೆ ಹೋದಾಂವ, ಕಣಿವ್ಯಾಗ ಹೆಣವಾಗಿ ಸಿಕ್ಕಾನ. ನಡುವ 146 ವರ್ಷ. ಗೋಡಿ ಫೋಟೋದಾಗ ಇದು ಕಾಣೂದಿಲ್ಲ.

ಅಕ್ಕ, 7:53: ಕಾಕಾ!! ನನಗ ಕೈಕಾಲು ನಡುಗಾಕತ್ತಾವ. ಪುಟ್ಟ ನೀ ಎಲ್ಲಿಗೂ ಸೇರಬ್ಯಾಡ. ಮಾರ್ಕ್ಸ್ ನೋಡಿಕೋ.

ಪುಟ್ಟ, 7:55: ಅಮ್ಮಾ, ಹಿಂಗ ಆದದ್ದನ್ನ ಕಾಲೇಜಿನವರು ಮುಚ್ಚಿಡಬಾರದು, ವರದಿ ಹೊರಗ ಹಾಕಬೇಕು ಅಂತ 2024ರ ಡಿಸೆಂಬರ್‌ನಾಗ ಇಡೀ ದೇಶಕ್ಕ ಕಾನೂನು ಆಗೈತಿ.

ಕಾಕಾ ಧಾರವಾಡ, 7:57: ನಮ್ಮಲ್ಲೂ 2009ರಿಂದ ಯುಜಿಸಿ ನಿಯಮ ಐತಿ. ರ‍್ಯಾಗಿಂಗ್ ಮಾಡೂದಿಲ್ಲ ಅಂತ ಹುಡುಗನ ಕಡೆ, ಅವರಪ್ಪನ ಕಡೆ ಅಫಿಡವಿಟ್. ನಾ ರಿಟೈರ್ ಆಗುವಾಗ ನನ್ನ ಕೋಣ್ಯಾಗ ಒಂದು ಕಪಾಟು ತುಂಬಿತ್ತು. ಕಪಾಟಿನ್ಯಾಗಿನ ಕಾಗದ ರಾತ್ರಿ ಹಾಸ್ಟೆಲ್ಲಿಗೆ ಹೋಗಿ ಕಾಯೂದಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಕಾಕಾ ಸಿಟ್ಟಿಗೆದ್ದಾಗ ಹೇಳೂ ಇಸವಿ ತಪ್ಪಾಗೂದಿಲ್ಲ. ಸಮಾಧಾನ ಇದ್ದಾಗ ನನ್ನ ಹುಟ್ಟಿದ ದಿನಾನೂ ತಪ್ಪತಾರ.

ನಾನು, 8:01: ಆ ಗುಂಪಿನೊಳಗೂ ಜಗಳ ಆಗಿತ್ತು ಕಾಕಾ. ಮೊದಲ ಮುಂದಾಳು ಪಾಯಿಂಡೆಕ್ಸ್ಟರ್ ಅನ್ನಾಂವ, ಹಿರೇ ವಿದ್ಯಾರ್ಥಿ. ಸಾಹಿತ್ಯ ಸಂಘ ಸಾಕು, ಫ್ರೆಟರ್ನಿಟಿ ಬ್ಯಾಡ ಅಂತ ಅಂವಂದು. ಕಿರಿಯರು ಕೇಳಲಿಲ್ಲ, ಅಂವ ಬಿಟ್ಟು ಹೋದ.

ಕಾಕಾ ಧಾರವಾಡ, 8:02: ಅಂವನಂಥ ಶಾಣ್ಯಾ ನಮ್ಮ ಗುಂಪಿನ್ಯಾಗೂ ಒಬ್ಬ ಇರಬೇಕಾಗಿತ್ತು.

ಅತ್ತಿ ಹುಬ್ಬಳ್ಳಿ, 8:02: ಅಂವನ ಮಾತು ಕೇಳಿದ್ರ ಇವತ್ತು ಅಲ್ಲಿ ಗೋಡಿ ಇರತಿರಲಿಲ್ಲ.

ಅಕ್ಕ, 8:04: ಇದಕ್ಕ ನಿನ್ನ ಸೇರಿಸಿಕೋತಾರೇನು ಪುಟ್ಟ? ನೀ ಕಪ್ಪು ಜನಾಂಗದಾಂವ ಅಲ್ಲಲ್ಲ.

ಪುಟ್ಟ, 8:05: 1945ರಾಗ ನಿಯಮ ತಿದ್ದಿ ಯಾವ ಜನಾಂಗದವರೂ ಬರಬಹುದು ಅಂತ ಮಾಡ್ಯಾರ ಅಮ್ಮಾ. ಆದ್ರ

"ಆದ್ರ" ಅಂದಲ್ಲಿಗೆ ಮೆಸೇಜು ನಿಂತಿತು. ಟೈಪಿಂಗ್ ಅಂತ ಬರತಿತ್ತು, ಹೋಗತಿತ್ತು.

ಅತ್ತಿ ಹುಬ್ಬಳ್ಳಿ, 8:09: ತಮ್ಮಾ, ಮೂವತ್ತೆರಡು ವರ್ಷ ಸಾಲಿ ನಡಸೀನಿ. ಮಗ್ಗಲ ಮನಿ ಹುಡುಗನ ಪ್ರಗತಿ ಪತ್ರ ತೋರಿಸಿ ತಮ್ಮ ಫೀ ಕೇಳೂ ಹುಡುಗೂರನ್ನ ನೋಡೀನಿ. ನೀ ಸೇರೂದು ಈ ಗೋಡಿ ಸಂಘಕ್ಕೋ, ಬ್ಯಾರೆದಕ್ಕೋ?

ಪುಟ್ಟ, 8:16: ಬ್ಯಾರೆದಕ್ಕ. ಜನವರಿಯೊಳಗ ರಷ್ ಐತಿ, ಅಂದ್ರ ಹೊಸಬರನ್ನ ಆರಿಸಿ ಸೇರಿಸಿಕೊಳ್ಳೂದು. ನಮ್ಮ ಡಾರ್ಮ್‌ನ ಇಬ್ಬರು ಹೋಗಾಕತ್ತಾರ.

ಭಾವ, 8:16: ನಾ ಹೇಳಲಿಲ್ಲ?

ಕಾಕಾ ಧಾರವಾಡ, 8:17: ಏಳು ಮಂದಿ ಪುಣ್ಯಾತ್ಮರನ್ನ ಮುಂದ ನಿಲ್ಲಿಸಿ ಹಿಂದಿನ ಬಾಗಿಲಿನಿಂದ ಹೊಂಟಿದ್ದಿ. ಖೋಡಿ.

ಪುಟ್ಟ, 8:19: ಸಾರಿ ಅಜ್ಜ. ಆದ್ರ ಈ ಮನ್ಯಾಗೂ ಓದತಾರ. ಸೀನಿಯರ್ಸ್ ಕೆಮಿಸ್ಟ್ರಿ ಹೇಳಿಕೊಡತಾರ.

ಅತ್ತಿ ಹುಬ್ಬಳ್ಳಿ, 8:20: ಹಂಗಾರ ಅವರು ಓದೂ ಜಾಗದ ಫೋಟೋ ಹಾಕು. ಇವತ್ತ. ಹೇಳಿ ಮಾಡಿಸಿದ್ದು ಬ್ಯಾಡ.

ಇಷ್ಟಾದ ಮ್ಯಾಲೆ ಎಲ್ಲಾರೂ ಊಟಕ್ಕ ಎದ್ರು. ಅಕ್ಕ ನನಗ ಬ್ಯಾರೆ ಫೋನ್ ಮಾಡಿ ಮುಕ್ಕಾಲು ತಾಸು ಮಾತಾಡಿದಳು, ಅದು ಇಲ್ಲಿ ಬ್ಯಾಡ. ಹನ್ನೊಂದೂವರಿಗೆ ಫೋಟೋ ಬಂತು. ಉದ್ದನೆ ಊಟದ ಮೇಜು, ತುದಿಗೆ ಪಿಜ್ಜಾ ಡಬ್ಬಿ, ಎರಡು ಲ್ಯಾಪ್‌ಟಾಪ್, ನಡುವ ತೆರೆದಿಟ್ಟ ದಪ್ಪನ್ನ ಪುಸ್ತಕ. ಕಾಕಾ ಮಲಗಿರತಾರ ಅಂದುಕೊಂಡಿದ್ದೆ. ನೀಲಿ ಗೀಟು ಬಿದ್ದು ಎರಡ ನಿಮಿಷಕ್ಕ, ಅದ ಫೋಟೋದಾಗ ಪುಸ್ತಕದ ಸುತ್ತ ಕೆಂಪು ಗೆರಿ ಹೊಡದು ತಿರುಗಿ ಕಳಿಸಿದ್ರು.

ಕಾಕಾ ಧಾರವಾಡ, 11:34: ಪುಸ್ತಕ ಉಲ್ಟಾ ಐತಿ.

ಪುಟ್ಟ, 11:36: ಅಜ್ಜ, ಅದು ನನಗ ಉಲ್ಟಾ. ಎದುರಿಗೆ ಕುಂತು ಓದಾಕತ್ತಾಂವಗ ಸೀದಾ.

ಕಾಕಾ ಧಾರವಾಡ, 11:37: ಹಂಗಾರ ಅಂವ ಫೋಟೋದಾಗ ಯಾಕಿಲ್ಲ?