ಅಪ್‌ಡೇಟ್: ಒಣದ್ರಾಕ್ಷಿಯ ಕಪ್ಪು ಬೂಷ್ಟು ಯಾವುದೆಂದು ಗೊತ್ತಾಯ್ತು

ವಿಜಯಪುರದ ಒಣದ್ರಾಕ್ಷಿಯಿಂದ ಕಲ್ಚರ್ ಪ್ಲೇಟಿನಲ್ಲಿ ಬೆಳೆದು ಬಂದ ಕಪ್ಪು ಬೂಷ್ಟು ರೈಜೋಪಸ್ಸೋ ಆಸ್ಪರ್ಜಿಲ್ಲಸ್ಸೋ (ಇವೆರಡು ಬೇರೆ ಬೇರೆ ಬಗೆಯ ಬೂಷ್ಟು), ಮೈಕ್ರೋಸ್ಕೋಪ್ ಸ್ಲೈಡಿನಲ್ಲಿ ಬರೀ ಕಪ್ಪು ಪುಡಿ ಕಾಣುತ್ತಿದೆ ಎಂದು ಕೇಳಿದ್ದೆ. ಸೆಲ್ಲೋಟೇಪ್ ಹಚ್ಚಿ ನೋಡಿ ಅಂದವರ ಮಾತು ಸರಿ. ಸೂಜಿಯಿಂದ ಕೆರೆದರೆ ಬೂಷ್ಟಿನ ತಲೆ ಒಡೆದು, ಚೆಲ್ಲಿದ ಸ್ಪೋರ್‌ಗಳೇ (ಬೀಜದಂಥ ಕಣಗಳು) ಎಲ್ಲವನ್ನೂ ಮುಚ್ಚುತ್ತವೆ. ಕಾಲೊನಿಯ ಕಪ್ಪು ನಡುಭಾಗ ಬಿಟ್ಟು, ಈಗಷ್ಟೇ ಬಣ್ಣ ತಿರುಗುತ್ತಿರುವ ಅಂಚಿಗೆ ಟೇಪ್ ಮೆಲ್ಲಗೆ ಮುಟ್ಟಿಸಬೇಕು. 70% ಆಲ್ಕೋಹಾಲ್ ಒಂದು ಹನಿ ಬಿಟ್ಟರೆ ಹೆಚ್ಚಿನ ಸ್ಪೋರೂ ಗಾಳಿಗುಳ್ಳೆಯೂ ಹೋಗುತ್ತವೆ. ಆಮೇಲೆ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಎಂಬ ನೀಲಿ ಬಣ್ಣ ಹಾಕಬೇಕು.

ಎಳೆಗಳಲ್ಲಿ ಅಡ್ಡಗೋಡೆ ಇವೆ, ಬೇರಿನಂಥ ರೈಜಾಯ್ಡ್ ಇಲ್ಲ. ರೈಜೋಪಸ್ ಅಲ್ಲಿಗೇ ಔಟ್. ತಲೆಯ ನಡುವಿನ ದುಂಡನೆಯ ಉಬ್ಬಿನ (ವೆಸಿಕಲ್) ಸುತ್ತ ಮೊದಲು ಮೆಟುಲಾ ಎಂಬ ಕೋಶಗಳು, ಅದರ ಮೇಲೆ ಸ್ಪೋರ್ ಹುಟ್ಟಿಸುವ ಫಿಯಾಲೈಡ್ ಕೋಶಗಳು, ಹೀಗೆ ಎರಡು ಸಾಲು. ಅಂದರೆ ಆಸ್ಪರ್ಜಿಲ್ಲಸ್. ಆದರೆ ಇಷ್ಟಕ್ಕೇ ಅದರ ನೈಜರ್ ಪ್ರಭೇದ ಅನ್ನಬಾರದು. ನೈಜರ್ ಸ್ಪೋರ್ ಸುಮಾರು 3.5–5 ಮೈಕ್ರಾನ್, ಇನ್ನೊಂದು ಕಪ್ಪು ಪ್ರಭೇದ ಕಾರ್ಬೊನೇರಿಯಸ್‌ನದು 7–9. ದ್ರಾಕ್ಷಿಯಲ್ಲಿ ಓಕ್ರಾಟಾಕ್ಸಿನ್ ಎಂಬ ಬೂಷ್ಟಿನ ವಿಷ ತರುವ ಮುಖ್ಯ ಆರೋಪಿ ಈ ಕಾರ್ಬೊನೇರಿಯಸ್ಸೇ. ಅಳತೆಗೆ ಟೇಪ್ ಬೇಡ. ಕವರ್‌ಸ್ಲಿಪ್ ಹಾಕಿದ ಬೇರೆ ಸ್ಲೈಡ್ ಮಾಡಿ, ಬಲಿತ ಸ್ಪೋರ್‌ಗಳನ್ನು 100ಎಕ್ಸ್ ಆಯಿಲ್‌ನಲ್ಲಿ ಅಳೆಯಿರಿ. 40ಎಕ್ಸ್‌ನಲ್ಲಿ ಐಪೀಸ್ ಸ್ಕೇಲಿನ ಒಂದೆರಡು ಗೆರೆಯಲ್ಲೇ ಮುಗಿದುಬಿಡುತ್ತದೆ.

ನಮ್ಮ ಸ್ಪೋರ್ 4 ಮೈಕ್ರಾನ್ ಆಸುಪಾಸು. ರಿಪೋರ್ಟಿನಲ್ಲಿ ‘ನೈಜರ್ ಗುಂಪು’ ಅಂತಷ್ಟೇ ಬರೆದಿದ್ದೇನೆ, ಯಾಕೆಂದರೆ ಅದರ ಹತ್ತಿರದ ಪ್ರಭೇದ ಟ್ಯೂಬಿಂಜೆನ್ಸಿಸ್ ಕೂಡ ಹಾಗೇ ಕಾಣುತ್ತದೆ. ಇವೆರಡನ್ನು ಬೇರ್ಪಡಿಸಲು ಕ್ಯಾಲ್ಮೊಡ್ಯುಲಿನ್ ಎಂಬ ಜೀನಿನ ಡಿಎನ್ಎ ಸೀಕ್ವೆನ್ಸಿಂಗೇ ಬೇಕು.