ಒದ್ದೆ ಬೆಡ್‌ಶೀಟ್, ಮುಚ್ಚಿದ ಕಿಟಕಿ

ದೊಡ್ಡಪ್ಪ: (ಫಾರ್ವರ್ಡ್) ಎಸಿಗೆ ಯಾಕೆ ದುಡ್ಡು ದಂಡ? ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಒದ್ದೆ ಬೆಡ್‌ಶೀಟ್ ನೇತುಹಾಕಿ, ಫ್ಯಾನ್ ಹಾಕಿ. ರಾತ್ರಿಯಿಡೀ ತಂಪು! ಎಲ್ಲರಿಗೂ ಕಳಿಸಿ 🙏

ನಾನು: ಬೆಡ್‌ಶೀಟ್ ಸರಿ ದೊಡ್ಡಪ್ಪ. ಕಿಟಕಿ ಮುಚ್ಚೋದು ತಪ್ಪು.

ದೊಡ್ಡಪ್ಪ: ತೆಗೆದರೆ ತಂಪೆಲ್ಲ ಆಚೆ ಹೋಗುತ್ತದಲ್ಲೋ. ಎಸಿ ಹಾಕಿದಾಗ ಮುಚ್ಚಲ್ವಾ?

ನಾನು: ಎಸಿ ರೂಮಿನ ಶಾಖವನ್ನು ಆಚೆ ಹಾಕುತ್ತದೆ. ಬೆಡ್‌ಶೀಟ್ ಹಾಕಲ್ಲ. ನೀರು ಶಾಖ ಹೀರಿ ಆವಿಯಾಗುತ್ತದೆ, ಆ ಆವಿ ರೂಮಲ್ಲೇ ಇರುತ್ತದೆ.

ಚಿಕ್ಕಮ್ಮ: ಆವಿಯಾಗೋಕೆ 100 ಡಿಗ್ರಿ ಬೇಡ್ವಾ?

ಭಾವ: ಅದು ಕುದಿಯೋದಕ್ಕೆ ಅತ್ತೆ. ನೀರಿನ ಮೇಲ್ಮೈಯಿಂದ ಆರೋದು ಯಾವ ಬಿಸಿಯಲ್ಲೂ ನಡೆಯುತ್ತದೆ. ಜೋರಾಗಿ ಓಡಾಡುವ ಅಣುಗಳು ಮೊದಲು ತಪ್ಪಿಸಿಕೊಳ್ಳುತ್ತವೆ, ನಿಧಾನದವು ಉಳಿಯುತ್ತವೆ. ಅದಕ್ಕೇ ಉಳಿದ ನೀರು ತಣ್ಣಗಾಗೋದು. ಒಂದು ಲೀಟರ್ ನೀರನ್ನು 30ರಿಂದ 100 ಡಿಗ್ರಿಗೆ ಕಾಯಿಸಲು ಎಷ್ಟು ಶಾಖ ಬೇಕೋ, ಅದು ಪೂರ್ತಿ ಆರಿಹೋಗಲು ಅದರ ಸುಮಾರು 8 ಪಟ್ಟು ಬೇಕು.

ದೊಡ್ಡಪ್ಪ: ನೋಡಿದ್ಯಾ! ಅಷ್ಟು ಹೀರಿದರೆ ತಂಪಾಗಲೇಬೇಕು. ನಿನ್ನೆ ನನ್ನ ಥರ್ಮಾಮೀಟರ್ 33ರಿಂದ 29ಕ್ಕೆ ಇಳಿಯಿತು.

ಅಕ್ಕ: ನಾನೂ ನಿನ್ನೆ ಮಾಡಿದೆ. ಮೊದಲ ಅರ್ಧ ಗಂಟೆ ಹಾಯಾಗಿತ್ತು. ಆಮೇಲೆ ದಿಂಬೆಲ್ಲ ಅಂಟಂಟು, ಕುತ್ತಿಗೆಯಿಂದ ಬೆವರು ಇಳಿಯುತ್ತಲೇ ಇತ್ತು. ಬೆಳಗ್ಗೆ ಎದ್ದು ಮುಟ್ಟಿದರೆ ಬೆಡ್‌ಶೀಟ್ ಅಂಚು ಹಿಂಡಿದರೆ ನೀರು ಬರುವ ಹಾಗಿದೆ!

ನಾನು: ಅಷ್ಟೇ ಅಕ್ಕ, ಸಾಕ್ಷಿ ಸಿಕ್ತು. ಒಣಗಿಲ್ಲ ಅಂದರೆ ಅದು ಕೆಲಸ ನಿಲ್ಲಿಸಿದೆ ಅಂತ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯೋದು ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ. ಅದು ತುಂಬಿದ ಮೇಲೆ ಬೆಡ್‌ಶೀಟೂ ಆರಲ್ಲ, ಬೆವರೂ ಸರಿಯಾಗಿ ಆರಲ್ಲ. ಸುಮ್ನೆ ತೊಟ್ಟಿಕ್ಕಿ ಹೋಗುವ ಬೆವರಿಂದ ಮೈ ತಂಪಾಗಲ್ಲ. ಥರ್ಮಾಮೀಟರಿಗೆ ಬೆವರಿಲ್ಲ ದೊಡ್ಡಪ್ಪ, ನಿಮಗಿದೆ.

ಅಕ್ಕ: ಹೊರಗಿನ ಗಾಳಿಯೇ ಜಿಗುಟಾಗಿದ್ದರೆ?

ನಾನು: ಆಗ ಬೆಡ್‌ಶೀಟೇ ಬೇಡ. ಒಣ ಹವೆಗೆ ಮಾತ್ರ ಈ ಉಪಾಯ.

ದೊಡ್ಡಪ್ಪ: ಫ್ಯಾನ್ ಇದೆಯಲ್ಲ, ಅದು ತಂಪು ಮಾಡಲ್ವಾ?

ಭಾವ: ಗಾಳಿಯನ್ನು ತಂಪು ಮಾಡಲ್ಲ ಮಾವ. ಮೈಗೆ ಅಂಟಿಕೊಂಡ ತೇವದ ಗಾಳಿಯನ್ನು ತಳ್ಳುತ್ತದೆ, ಬೆವರು ಬೇಗ ಆರುತ್ತದೆ. ಥರ್ಮಾಮೀಟರನ್ನು ಹಾಗೇ ಫ್ಯಾನ್ ಮುಂದೆ ಹಿಡಿಯಿರಿ, ಇಳಿಯಲ್ಲ. ತುದಿಗೆ ಒದ್ದೆ ಹತ್ತಿ ಸುತ್ತಿ ಹಿಡಿಯಿರಿ.

(ಇಪ್ಪತ್ತು ನಿಮಿಷ ಯಾರ ಸದ್ದೂ ಇಲ್ಲ.)

ದೊಡ್ಡಪ್ಪ: ಬರೀದು 32. ಹತ್ತಿ ಸುತ್ತಿದ್ದು 26.

ಚಿಕ್ಕಮ್ಮ: ಕಿಟಕಿ?

ದೊಡ್ಡಪ್ಪ: ತೆಗೆದಿದ್ದೀನಮ್ಮ. ಆದರೆ ಆ ಮೆಸೇಜ್ ಆಗಲೇ ಆರು ಗುಂಪಿಗೆ ಹೋಗಿದೆ, ಅಲ್ಲೆಲ್ಲ ಇವನೇ ಬಂದು ಹೇಳಲಿ.