ಅರ್ಥ್ ಕ್ಲಾಂಪ್ ಇದ್ದರೆ ಮೂರನೇ ಪಿನ್ನಿಗೆ ವೈರ್ ಬೇಡವೇ? 200 ಆಂಪ್ ವೆಲ್ಡಿಂಗ್ ಮೆಷಿನ್ ಜೋಡಿಸುವ ಬಗ್ಗೆ

ಪ್ರಶ್ನೆ
ಸಿಂಗಲ್ ಫೇಸ್ ಇನ್ವರ್ಟರ್ ಮೆಷಿನ್, 200 ಆಂಪ್‌ನದು. ತೋಟದ ಗೇಟಿಗೆ ಆಂಗಲ್ ಬೆಸೆಯಬೇಕು. ರಾಡ್ 2.5 ಮತ್ತು 3.15 ಎಂಎಂ. ಶೆಡ್ಡಿನ 16 ಆಂಪ್ ಸಾಕೆಟ್ಟಿಗೆ ಅರ್ಥ್ ವೈರೇ ಎಳೆದಿಲ್ಲ. ಅರ್ಥ್ ಕ್ಲಾಂಪ್ ಕಬ್ಬಿಣಕ್ಕೆ ಕಚ್ಚಿಸುತ್ತೇವಲ್ಲ, ಅಷ್ಟು ಸಾಲದೇ? ಬಲ್ಲವರು ಹೇಳಿ.

ಉತ್ತರ 1
ಸಾಲದು. ದಯವಿಟ್ಟು ಹಾಗೇ ಆನ್ ಮಾಡಬೇಡಿ. ಎರಡಕ್ಕೂ ಅರ್ಥ್ ಅಂತಲೇ ಹೆಸರು, ಕೆಲಸ ಮಾತ್ರ ಬೇರೆ. ಕ್ಲಾಂಪ್ ಅಂದರೆ ವೆಲ್ಡಿಂಗ್ ಕರೆಂಟ್ ಮೆಷಿನ್ನಿಗೆ ವಾಪಸಾಗುವ ದಾರಿ, ಅಷ್ಟೇ. ಒಳಗಿನ ಟ್ರಾನ್ಸ್‌ಫಾರ್ಮರ್ ಆ ಭಾಗವನ್ನು 230 ವೋಲ್ಟ್ ಲೈನಿನಿಂದ ಬೇರೆ ಇಟ್ಟಿರುತ್ತದೆ. ಫೇಸ್ ವೈರ್ ಸವೆದು ಮೆಷಿನ್ ಬಾಡಿಗೆ ತಾಗಿತು ಅಂದುಕೊಳ್ಳಿ, ಆ ಕರೆಂಟ್ ಹರಿದುಹೋಗಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳಬೇಕಾದರೆ ಮೂರನೇ ಪಿನ್ನಿನ ಹಸಿರು ವೈರ್ ಬೇಕೇ ಬೇಕು. ಅದಿಲ್ಲದಿದ್ದರೆ ಬಾಡಿ ಮುಟ್ಟಿದವರ ಮೈ ಮೂಲಕವೇ ನೆಲಕ್ಕೆ ಇಳಿಯುತ್ತದೆ.

ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಗುಂಡಿಯಿಂದ ವೈರ್ ಎಳೆಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಹಾಕಿಸಿ. ಫೇಸಿಗೂ ಅರ್ಥಿಗೂ ಮಲ್ಟಿಮೀಟರ್ ಇಟ್ಟು 230 ತೋರಿಸಿತು ಅಂತ ಸುಮ್ಮನಾಗಬೇಡಿ. ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ, ತುಕ್ಕು ಹಿಡಿದ ಅರ್ಥ್ ಕೂಡ ಅದಕ್ಕೆ ಸರಿಯಾಗೇ ಕಾಣುತ್ತದೆ. ಅರ್ಥ್ ಟೆಸ್ಟರಿನಿಂದಲೇ ಅಳೆಸಿ.

ಉತ್ತರ 2
ಸಾಕೆಟ್ ಬಗ್ಗೆಯೂ ಒಂದು ಮಾತು. 2.5 ರಾಡಿಗೆ ಮೆಷಿನ್ನಿನಲ್ಲಿ ವೆಲ್ಡಿಂಗ್ ಕರೆಂಟ್ 60ರಿಂದ 90 ಆಂಪ್ ಇಟ್ಟರೆ ಲೈನಿನಿಂದ ಎಳೆಯುವುದು ಅದಕ್ಕಿಂತ ಎಷ್ಟೋ ಕಡಿಮೆ, 16 ಆಂಪ್ ಸಾಕೆಟ್ ತಡೆಯುತ್ತದೆ. 3.15ಕ್ಕೆ 130ರವರೆಗೆ ಏರಿಸಿದರೆ ಲೈನಿನಿಂದ ಎಳೆಯುವುದೇ 20 ಆಂಪ್ ದಾಟುತ್ತದೆ. ಪಿನ್ ಕಪ್ಪಾಗಿ ಪ್ಲಗ್ ಕರಗಲು ಶುರುವಾಗುತ್ತದೆ. ಅದಕ್ಕೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 32 ಆಂಪ್ ಸಿ ಟೈಪ್ ಎಂಸಿಬಿ, ಇಂಡಸ್ಟ್ರಿಯಲ್ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಹಾಕಿದರೆ ಸುರುಳಿ ಪೂರ್ತಿ ಬಿಚ್ಚಿ ಹರಡಿ. ಸುತ್ತಿಟ್ಟರೆ ಬಿಸಿ ಹೊರಗೆ ಹೋಗದೆ ಒಳಗಿನ ಸುತ್ತುಗಳು ಬೆಂದುಹೋಗುತ್ತವೆ.

ರಾಡ್ ಹಿಡಿಯುವ ಹೋಲ್ಡರ್, ಕ್ಲಾಂಪ್ ಎರಡರ ಕನೆಕ್ಟರನ್ನೂ ಮೆಷಿನ್ನಿನ ಒಳಗೆ ತಳ್ಳಿ ಬಲಕ್ಕೆ ಬಿಗಿಯಾಗಿ ತಿರುಗಿಸಿ. ಸಡಿಲಿದ್ದರೆ ಅಲ್ಲೇ ಕಿಡಿ ಹಾರಿ ಹಿತ್ತಾಳೆ ತಿಂದುಹಾಕುತ್ತದೆ. ಮೆಷಿನ್ನಿನ ಫ್ಯಾನ್ ಇರುವ ಕಡೆ ಗೋಡೆಯಿಂದ ಒಂದಡಿಯಾದರೂ ಜಾಗ ಬಿಡಿ. ಪಕ್ಕದಲ್ಲಿ ಗ್ರೈಂಡರ್ ಓಡಿಸಬೇಡಿ, ಕಬ್ಬಿಣದ ಪುಡಿ ಒಳಗೆ ಹೋದರೆ ಬೋರ್ಡ್ ಶಾರ್ಟ್ ಆಗುತ್ತದೆ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ. ಕ್ಲಾಂಪನ್ನು ಶೆಡ್ಡಿನ ಕಬ್ಬಿಣದ ಕಂಬಕ್ಕೆ ಕಚ್ಚಿಸಬಹುದೇ? ಗೇಟ್ ಅದಕ್ಕೇ ತೂಗುತ್ತದೆ.

ಉತ್ತರ 3
ಬೇಡ. ಆಗ ನೂರು ಆಂಪ್ ಕರೆಂಟ್ ಗೇಟಿನ ಹಿಂಜ್ ದಾಟಿ ಹೋಗಬೇಕು, ಬೇರಿಂಗ್ ಇದ್ದರೆ ಅದರ ಗುಂಡುಗಳು ಸುಟ್ಟು ಗುಳಿ ಬೀಳುತ್ತವೆ. ಬೆಸೆಯುವ ತುಂಡಿಗೇ, ಬೆಸುಗೆಯಿಂದ ಒಂದೆರಡು ಅಡಿ ಒಳಗೆ, ಪೇಂಟ್ ಕೆರೆದು ಕಬ್ಬಿಣ ಹೊಳೆಯುವ ಕಡೆ ಕಚ್ಚಿಸಿ. ಪೇಂಟ್ ಮೇಲೆ ಕಚ್ಚಿಸಿದರೆ ಆರ್ಕ್ (ರಾಡಿನ ತುದಿಯಲ್ಲಿ ಉರಿಯುವ ಕಿಡಿ) ಸ್ಥಿರವಾಗಿ ಉಳಿಯುವುದಿಲ್ಲ, ರಾಡ್ ಅಂಟಿಕೊಳ್ಳುತ್ತಲೇ ಇರುತ್ತದೆ, ಜನ ಮೆಷಿನ್ನನ್ನು ಬೈಯುತ್ತಾರೆ.

ತೋಟ ಅಂದಿರಿ, ಒಣ ತೆಂಗಿನ ಗರಿ, ಹುಲ್ಲು, ಡೀಸೆಲ್ ಕ್ಯಾನ್ ಎಲ್ಲ 10 ಮೀಟರ್ ಆಚೆ ಇರಲಿ. ಮುಗಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ನೋಡಿ, ಕಿಡಿ ಹುಲ್ಲಿನಡಿ ಹೊಗೆಯಿಲ್ಲದೆ ಕಾದಿರುತ್ತದೆ. ಮುಖಕ್ಕೆ ಹಿಡಿಯುವ ಶೀಲ್ಡಿನ ಕಪ್ಪು ಗ್ಲಾಸ್ 10ನೇ ನಂಬರ್, ಹತ್ತಿ ಬಟ್ಟೆ, ಒಣ ಚರ್ಮದ ಗ್ಲೌಸ್, ಶೂ. ರಾಡ್ ಬದಲಿಸುವಾಗಲೂ ಗ್ಲೌಸ್ ತೆಗೆಯಬೇಡಿ: ಆರ್ಕ್ ಇಲ್ಲದಾಗಲೇ ಹೋಲ್ಡರಿನಲ್ಲಿ 60ರಿಂದ 80 ವೋಲ್ಟ್ ಇರುವುದು, ಬೆವರಿದ ಕೈಗೆ ಅದು ಸಾಕು.